ವಾದ್ಯ ಹಿಡಿದ ಕೈಯ ನೋವು

(ಶತಮಾನೋತ್ಸವದ ಸಿದ್ಧತೆಯ ಅಂಗವಾಗಿ, ವಾದ್ಯಮೇಳದ ಸದಸ್ಯರಿಗೂ ಅವರ ಮನೆಯವರಿಗೂ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ನಮ್ಮ ದೇವಾಲಯದ ನೂರನೆಯ ವರ್ಷದ ಹಬ್ಬಕ್ಕೆ ಇನ್ನು ಒಂಬತ್ತು ವಾರಗಳು ಉಳಿದಿವೆ. ಗೋಡೆಗಳಿಗೆ ಸುಣ್ಣಬಣ್ಣವಾಗುತ್ತಿದೆ, ತೇರಿನ ಚಕ್ರಗಳಿಗೆ ಹೊಸ ಕಬ್ಬಿಣದ ಪಟ್ಟಿ ಬಿಗಿಸಿದ್ದಾಗಿದೆ, ಊಟದ ಲೆಕ್ಕ, ದೀಪದ ಲೆಕ್ಕ, ಪಟಾಕಿಯ ಲೆಕ್ಕವನ್ನು ಸಮಿತಿಯು ಹಲವು ಬಾರಿ ಸೇರಿ ಮಾಡಿದೆ. ಆದರೆ ಆ ತೇರಿನ ಮುಂದೆ ಮೂರು ತಾಸು ನಡೆದು ನುಡಿಸುವವರ ಕೈಗಳ ಬಗೆಗೆ ಒಂದು ಸಭೆಯಲ್ಲಿಯೂ ಮಾತು ಬರಲಿಲ್ಲ. ಕಳೆದ ಭಾನುವಾರ ಬಲಿಪೂಜೆಯಾದ ಮೇಲೆ ಮೇಳದವರನ್ನು ಒಬ್ಬೊಬ್ಬರನ್ನಾಗಿ ಕರೆದು, ಹಬ್ಬದ ದಿನಗಳಲ್ಲಿ ಕೈ, ಮಣಿಕಟ್ಟು, ಮುಂಗೈ ನೋಯುವುದುಂಟೆ ಎಂದು ವಿಚಾರಿಸಿದೆ. ಅರ್ಧಕ್ಕಿಂತ ಹೆಚ್ಚು ಮಂದಿ ಉಂಟೆಂದರು. ಹಾಗೆಂದವರೆಲ್ಲರೂ ಒಡನೆಯೇ, “ಅದೇನು ದೊಡ್ಡದಲ್ಲ, ಸ್ವಾಮಿ” ಎಂದೂ ಸೇರಿಸಿದರು. ಆ ಎರಡನೆಯ ಮಾತೇ ಇಂದಿನ ಉಪನ್ಯಾಸಕ್ಕೆ ಕಾರಣ.

ನಾನು ವೈದ್ಯನಲ್ಲ. ಬೋರ್ಡಿಂಗ್ ಶಾಲೆಯಲ್ಲಿ ಹನ್ನೆರಡನೆಯ ವಯಸ್ಸಿಗೆ ಕಾರ್ನೆಟ್ ಹಿಡಿದವನು. ಗುರುಮಠದಲ್ಲಿಯೂ ಅದನ್ನು ಬಿಡದೆ ಹಬ್ಬಗಳಲ್ಲಿ ಊದಿದವನು. ನಾನು ಹೇಳಲಿರುವುದರಲ್ಲಿ ಸ್ವಲ್ಪ ಭಾಗ ಅಂದು ಕಲಿತದ್ದು, ಬಹುಪಾಲು ಆಮೇಲೆ ವೈದ್ಯರಿಂದಲೂ ಗ್ರಂಥಗಳಿಂದಲೂ ತಿಳಿದುಕೊಂಡದ್ದು. ತಿಳಿದುಕೊಳ್ಳಬೇಕೆಂಬ ಬುದ್ಧಿ ಬಂದದ್ದು ಒಂದು ತಪ್ಪಿನಿಂದ. ತಪ್ಪು ನನ್ನದೇ ಆದುದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಅಲ್ಲಿನ ಮೇಳದಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಮೊದಲನೆಯ ಕಾರ್ನೆಟ್ ನುಡಿಸುತ್ತಿದ್ದ. ಅಂಥ ದುಂಡನೆಯ ಸ್ವರವನ್ನು ಹಳ್ಳಿಯ ಮೇಳಗಳಲ್ಲಿ ನಾನು ಮತ್ತೆ ಕೇಳಿಲ್ಲ. ನವೇನದ ಆರನೆಯ ಸಂಜೆ ಅವನು ಪೂಜಾವಸ್ತ್ರಗಳ ಕೋಣೆಯ ಬಾಗಿಲಲ್ಲಿ ನಿಂತು, “ಸ್ವಾಮಿ, ಬಲಗಡೆ ಮುಂಗೈಯೆಲ್ಲ ಎಳೀತದೆ. ಕಿರುಬೆರಳು ಜೋಮು ಹಿಡಿದುಬಿಟ್ಟಿದೆ. ನಾಳೆ ಒಂದು ದಿನ ಬಿಡಲಾ?” ಎಂದು ಕೇಳಿದ. ಮರುದಿನ ಧರ್ಮಾಧ್ಯಕ್ಷರು ಬರುವವರಿದ್ದರು. “ಪ್ರಭುವಿನ ಕೈಗಳಿಗೆ ಮೊಳೆ ಹೊಡೆದರಲ್ಲಪ್ಪಾ, ನಿನ್ನ ಈ ನೋವನ್ನು ಅವರಿಗೆ ಅರ್ಪಿಸು” ಎಂದೆ. ನೋವಿನ ಮಾತ್ರೆಯೊಂದನ್ನೂ ಕೊಟ್ಟೆ. ಅವನು ಹೇಳಿದಂತೆ ಅರ್ಪಿಸಿದ. ಏಳನೆಯ ದಿನ ನುಡಿಸಿದ, ಎಂಟನೆಯ ದಿನ ನುಡಿಸಿದ, ಒಂಬತ್ತನೆಯ ದಿನವೂ ನುಡಿಸಿದ, ಹಬ್ಬದ ರಾತ್ರಿ ತೇರು ಗುಡಿಗೆ ಮರಳುವವರೆಗೂ ನುಡಿಸಿದ. ಮರುವಾರ ಅವನ ತಾಯಿ ಬಂದು, ಮಗನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ಆಗುತ್ತಿಲ್ಲವೆಂದು ಹೇಳಿದಳು.

ಮೊಣಕೈಯ ಒಳಬದಿಯಿಂದ ಹಾಯ್ದು ಕಿರುಬೆರಳಿಗೆ ಹೋಗುವ ನರವು ಘಾಸಿಗೊಂಡಿದೆಯೆಂದು ಪಟ್ಟಣದ ವೈದ್ಯರು ಹೇಳಿದರು. ಮೊದಲು ಜೋಮು ಕಂಡ ದಿನವೇ ನಿಲ್ಲಿಸಿದ್ದರೆ ಇಷ್ಟಾಗುತ್ತಿರಲಿಲ್ಲವೆಂದೂ ಹೇಳಿದರು. ಕೈಗೆ ಬಲ ಮರಳಲು ಒಂದು ವರ್ಷಕ್ಕೂ ಮೇಲ್ಪಟ್ಟು ಹಿಡಿಯಿತು. ಕಾರ್ನೆಟ್ ಮಾತ್ರ ಮರಳಲಿಲ್ಲ. ಕಳೆದ ವರ್ಷ ಅವನನ್ನು ಕಂಡೆ. ಈಗ ಅವನಿಗೂ ಬೆಳೆದ ಮಗನಿದ್ದಾನೆ. ನಾನು ಕ್ಷಮೆ ಬೇಡಿದೆ. ಅವನು ನಕ್ಕು, “ಬಿಡಿ ಸ್ವಾಮಿ, ಆಗ ಯಾರಿಗೆ ಗೊತ್ತಿತ್ತು” ಎಂದ. ಗೊತ್ತಿರಬೇಕಾದವನು ನಾನಾಗಿದ್ದೆ.

ಅನಿವಾರ್ಯವಾಗಿ ಬಂದೊದಗಿದ ನೋವನ್ನು ಪ್ರಭು ಕ್ರಿಸ್ತರ ಯಾತನೆಯೊಡನೆ ಕೂಡಿಸಿ ಅರ್ಪಿಸುವುದು ಧರ್ಮಸಭೆಯ ಪುರಾತನ ಸಂಪ್ರದಾಯ. ಹಾಸಿಗೆ ಹಿಡಿದ ಎಷ್ಟೋ ಅಜ್ಜಿಯರು ಆ ಅರ್ಪಣೆಯಿಂದಲೇ ನಮ್ಮ ಧರ್ಮಕೇಂದ್ರವನ್ನು ಹೊತ್ತು ನಿಲ್ಲಿಸಿದ್ದಾರೆ. ಆ ಮಾತನ್ನು ನಾನು ಹಗುರವಾಗಿ ಆಡಲಾರೆ. ಆದರೆ ತಪ್ಪು ಹಿಡಿತದಿಂದಲೂ ಒಣಗಿದ ವಾಲ್ವಿನಿಂದಲೂ ವಿಶ್ರಾಂತಿಯಿಲ್ಲದ ಕಾರ್ಯಕ್ರಮ ಪಟ್ಟಿಯಿಂದಲೂ ಉಂಟಾದ ನೋವು ಶಿಲುಬೆಯಲ್ಲ, ಅದು ಅಜಾಗರೂಕತೆ. ನಾವು ಮಾಡಿಟ್ಟ ಗಾಯವನ್ನು ಹುಡುಗನ ಕೈಯಿಂದ ದೇವರಿಗೆ ಅರ್ಪಿಸುವುದು ಭಕ್ತಿಯೆನಿಸದು. ಅಸ್ಸಿಸಿಯ ಸಂತ ಫ್ರಾನ್ಸಿಸರಿಗಿಂತ ಕಠಿಣವಾಗಿ ಶರೀರವನ್ನು ದಂಡಿಸಿದವರು ವಿರಳ. ಅಂಥವರೂ ಕೊನೆಗಾಲದಲ್ಲಿ, ಸಹೋದರನಾದ ತಮ್ಮ ಶರೀರಕ್ಕೆ ತಾವು ಬಹಳ ಅಪರಾಧ ಮಾಡಿದುದಾಗಿ ಒಪ್ಪಿಕೊಂಡರೆಂದು ಅವರ ಜೊತೆಗಾರರ ವೃತ್ತಾಂತ ತಿಳಿಸುತ್ತದೆ.

ಇನ್ನೂ ಹಿಂದಕ್ಕೆ ಹೋಗಿ ವಿಮೋಚನಾಕಾಂಡದ ಹದಿನೇಳನೆಯ ಅಧ್ಯಾಯವನ್ನು ನೋಡಿರಿ. ಅಮಾಲೇಕ್ಯರೊಡನೆ ಯುದ್ಧ ನಡೆಯುತ್ತಿದೆ. ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದಾನೆ. ಕೈ ಎತ್ತಿರುವಷ್ಟು ಹೊತ್ತು ಇಸ್ರಯೇಲರಿಗೆ ಜಯ, ಇಳಿಸಿದರೆ ಸೋಲು. ಆದರೂ ಅವನ ಕೈಗಳು ಸೋತವು. ಪ್ರವಾದಿಯ ಕೈಯಾದರೂ ಕೈ ಕೈಯೇ. ಆಗ ಆರೋನನೂ ಹೂರನೂ ಅವನಿಗೆ ಉಪದೇಶ ಮಾಡಲಿಲ್ಲ. ಕಲ್ಲೊಂದನ್ನು ತಂದು ಕೂರಿಸಿದರು. ಈ ಕಡೆಗೊಬ್ಬ ಆ ಕಡೆಗೊಬ್ಬ ನಿಂತು ಕೈಗಳಿಗೆ ಆಧಾರಕೊಟ್ಟರು. ಕೂರಲು ಒಂದು ಆಸನ, ಭಾರಕ್ಕೆ ಒಂದು ಆಧಾರ, ಜೊತೆಗೆ ಇಬ್ಬರು ಸಹಾಯಕರು: ವಾದ್ಯಗಾರರ ಕೈನೋವಿಗೆ ಇಂದಿನ ವೈದ್ಯರು ಮೊದಲು ಹೇಳುವುದೂ ಹೆಚ್ಚುಕಡಮೆ ಇದನ್ನೇ.

ಹಿತ್ತಾಳೆಯ ವಾದ್ಯಗಳಿಗೆ ನಮ್ಮ ಆರಾಧನೆಯಲ್ಲಿ ಸ್ಥಾನ ದೊರೆತದ್ದು ಬಹುಮಟ್ಟಿಗೆ ಬೀದಿಯಲ್ಲಿ. ಸಂತ ಹತ್ತನೆಯ ಪಯಸ್ ಜಗದ್ಗುರುಗಳು 1903ರ ನವೆಂಬರ್ 22ರಂದು, ಅಂದರೆ ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಮ್ಮನವರ ಹಬ್ಬದಂದು, ಪವಿತ್ರ ಸಂಗೀತದ ಬಗೆಗೆ ಹೊರಡಿಸಿದ ಆಜ್ಞೆಯಲ್ಲಿ ದೇವಾಲಯದೊಳಗೆ ಬ್ಯಾಂಡ್ ನುಡಿಸುವುದನ್ನು ನಿಷೇಧಿಸಿದರು; ಹೊರಗಿನ ಮೆರವಣಿಗೆಗಳಲ್ಲಿ ಮಾತ್ರ, ಲೌಕಿಕ ರಚನೆಗಳನ್ನು ನುಡಿಸದಿದ್ದರೆ, ಧರ್ಮಾಧ್ಯಕ್ಷರು ಅನುಮತಿ ನೀಡಬಹುದೆಂದರು. (ತೇರಿನ ಮುಂದೆ ಸಿನಿಮಾ ಹಾಡಿನ ಮಟ್ಟುಗಳು ಕೇಳಿಬರುವುದನ್ನು ಕುರಿತು ಇನ್ನೊಂದು ದಿನ ಮಾತನಾಡುತ್ತೇನೆ.) ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ, ಆರಾಧನೆಗೆ ಒಪ್ಪುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಆದರೂ ನಮ್ಮ ಮೇಳದ ನಿಜವಾದ ಕ್ಷೇತ್ರ ಬೀದಿಯೇ. ಆರ್ಗನ್ ನುಡಿಸುವವನು ಕುಳಿತು ನುಡಿಸುತ್ತಾನೆ. ಅವನ ವಾದ್ಯದ ಭಾರವನ್ನು ನೆಲ ಹೊರುತ್ತದೆ. ನೀವಾದರೋ ನಡೆಯುತ್ತಾ, ವಾದ್ಯದ ಭಾರವನ್ನು ಹೊರುತ್ತಾ, ಅದೇ ಕೈಯಿಂದ ನುಡಿಸಲೂ ಬೇಕು.

ಕುಶಲಕರ್ಮಿಗಳ ರೋಗಗಳ ಬಗೆಗೆ ಮೊತ್ತಮೊದಲು ಸಮಗ್ರ ಗ್ರಂಥ ಬರೆದವರು ಇಟಲಿಯ ವೈದ್ಯ ಬೆರ್ನಾರ್ದಿನೊ ರಾಮಾಜ್ಜಿನಿ. ಅದು ಮೊದೆನ ನಗರದಲ್ಲಿ 1700ರಲ್ಲಿ ಪ್ರಕಟವಾಯಿತು. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ “ನೀನು ಮಾಡುವ ಉದ್ಯೋಗವೇನು?” ಎಂಬ ಪ್ರಶ್ನೆಯನ್ನೂ ಸೇರಿಸಬೇಕೆಂದು ವೈದ್ಯರಿಗೆ ಕಲಿಸಿದ ಪುಣ್ಯಾತ್ಮರು ಅವರು. ಬರೆದು ಬರೆದು ಕೈಸೋತ ಗುಮಾಸ್ತರ ವಿಷಯವೂ ಹಾಡುಗಾರರ ವಿಷಯವೂ ಅದರಲ್ಲಿವೆ. ಆದರೂ ವಾದ್ಯಗಾರರ ಕೈಗಳನ್ನು ವೈದ್ಯಶಾಸ್ತ್ರವು ಪ್ರತ್ಯೇಕವಾಗಿ ಗಮನಿಸತೊಡಗಿದ್ದು ತೀರ ಇತ್ತೀಚೆಗೆ. ಅಮೆರಿಕದ ವೃತ್ತಿಪರ ವಾದ್ಯವೃಂದಗಳ 2,212 ಕಲಾವಿದರನ್ನು ವಿಚಾರಿಸಿ 1988ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ 76 ಮಂದಿ, ತಮ್ಮ ವಾದನಕ್ಕೆ ಅಡ್ಡಿಯಾಗುವಷ್ಟು ತೀವ್ರವಾದ ಒಂದಾದರೂ ದೇಹಬಾಧೆ ತಮಗಿದೆಯೆಂದು ಹೇಳಿದರು. ಹೊಟ್ಟೆಪಾಡಿಗೆ ನುಡಿಸುವ ನಿಪುಣರ ಪಾಡೇ ಇದಾದರೆ, ವರ್ಷದಲ್ಲಿ ಹತ್ತು ತಿಂಗಳು ವಾದ್ಯವನ್ನು ಅಟ್ಟದ ಮೇಲಿಟ್ಟು ಹಬ್ಬಕ್ಕೆ ಇಳಿಸುವ ನಮ್ಮ ಮಾತೇನು?

ಈಗ ಎಲ್ಲರೂ ಒಂದು ಕೆಲಸ ಮಾಡಿರಿ. ಎಡಗೈಯಿಂದ ಬಲಗೈಯ ಮುಂಗೈಯನ್ನು, ಮೊಣಕೈಗೆ ಸಮೀಪದಲ್ಲಿ, ಮೆಲ್ಲಗೆ ಹಿಡಿದುಕೊಂಡು ಬಲಗೈ ಬೆರಳುಗಳನ್ನು ವಾಲ್ವ್ ಒತ್ತುವಂತೆ ಆಡಿಸಿರಿ. ಅಲ್ಲಿ ಮಾಂಸಖಂಡಗಳು ಮಿಡಿಯುವುದು ತಿಳಿಯುತ್ತದಲ್ಲವೆ? ಬೆರಳನ್ನು ಮಡಚುವ, ಬಿಚ್ಚುವ ಸ್ನಾಯುಗಳು ಬಹುಪಾಲು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹುರಿಯಂಥ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ, ಸೂತ್ರದ ಬೊಂಬೆಯ ದಾರಗಳಂತೆ, ಬೆರಳನ್ನು ಎಳೆಯುತ್ತವೆ. ಮಣಿಕಟ್ಟಿನ ಒಳಬದಿಯಲ್ಲಿ ಎಲುಬುಗಳ ನಡುವೆ ಇಕ್ಕಟ್ಟಾದ ಸುರಂಗವೊಂದಿದೆ. ಅಷ್ಟರಲ್ಲಿಯೇ 9 ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಹಾಯಬೇಕು. ಬಾವಿಯಿಂದ ನೀರು ಸೇದುವಾಗ ಹಗ್ಗ ರಾಟೆಯ ಮೇಲೆ ನೇರವಾಗಿ ಓಡಿದರೆ ವರ್ಷಗಟ್ಟಲೆ ಬರುತ್ತದೆ. ದಡದ ಕಲ್ಲಿಗೆ ಉಜ್ಜಿದರೆ ಬೇಗ ಸವೆಯುತ್ತದೆ. ಮಣಿಕಟ್ಟು ನೇರವಾಗಿರುವುದಕ್ಕೂ ಬಾಗಿರುವುದಕ್ಕೂ ಇರುವ ವ್ಯತ್ಯಾಸ ಇದೇ.

ಭಾರದ ಲೆಕ್ಕವನ್ನೂ ತಿಳಿಯಿರಿ. ಕಾರ್ನೆಟ್ ಅಥವಾ ಟ್ರಂಪೆಟ್ ತೂಗುವುದು ಸುಮಾರು 1 ಕಿಲೋಗ್ರಾಮಿಗೆ ತುಸು ಮೇಲೆ. “ಇದೇನು ಭಾರ?” ಎನ್ನುತ್ತೀರಿ. ದೋಟಿಯ ತುದಿಗೆ ನಾಲ್ಕು ಮಾವಿನಕಾಯಿ ಸಿಕ್ಕಿಕೊಂಡಾಗ ಬುಡದಲ್ಲಿ ಹಿಡಿದವನ ಕೈ ಏಕೆ ನಡುಗುತ್ತದೆ? ಭಾರ ತುದಿಯಲ್ಲಿದೆ, ಹಿಡಿತ ಬುಡದಲ್ಲಿದೆ. ನಮ್ಮ ಮುಂಗೈಯೂ ಹಾಗೆಯೇ: ಅದನ್ನು ಎತ್ತಿಹಿಡಿಯುವ ತೋಳಿನ ಸ್ನಾಯು ಮೊಣಕೈಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಅಂಟಿಕೊಂಡಿದೆ, ಕೈಯಲ್ಲಿನ ಭಾರವೋ ಒಂದು ಅಡಿಗೂ ಆಚೆಯಿದೆ. ಆದುದರಿಂದ ಅಂಗೈಯಲ್ಲಿನ 1 ಕಿಲೋ ಆ ಸ್ನಾಯುವಿಗೆ ಏಳೆಂಟು ಕಿಲೋ ಆಗುತ್ತದೆ. ಅದನ್ನು ಅಲುಗದಂತೆ ಹಿಡಿದಿರುವುದು ಎತ್ತಿ ಇಳಿಸುವುದಕ್ಕಿಂತಲೂ ಕಷ್ಟ. ಏಕೆಂದರೆ ಬಿಗಿದು ನಿಂತ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಓಡಾಡದು.

ಕಾರ್ನೆಟ್, ಟ್ರಂಪೆಟ್ ನುಡಿಸುವವರಲ್ಲಿ ಎಡಗೈಗೆ ಹೊರುವ ಕೆಲಸ, ಬಲಗೈಗೆ ಒತ್ತುವ ಕೆಲಸ. ಈ ವಿಭಾಗವನ್ನು ಮರೆತು ಬಲಗೈಯಿಂದಲೂ ಹೊರತೊಡಗುವುದೇ ಮುಕ್ಕಾಲು ಪಾಲು ನೋವುಗಳ ಮೂಲವೆಂದು ನನ್ನ ಅನುಭವ. ಅಪರಾಧಿ ಯಾರೆಂದರೆ ಬಲಗೈ ಕಿರುಬೆರಳು ಸೇರುವ ಆ ಸಣ್ಣ ಕೊಕ್ಕೆ. ಹಾಳೆ ತಿರುವಲು ಎಡಗೈ ಬಿಡುವಾದಾಗ ವಾದ್ಯವನ್ನು ಒಂದೇ ಕೈಯಲ್ಲಿ ಹಿಡಿದಿರಲೆಂದು ಅದನ್ನು ಇಟ್ಟಿದ್ದಾರೆ. ನಾವಾದರೋ ಮೇಲಿನ ಸ್ವರ ಬಂದೊಡನೆ ಅದರಲ್ಲಿ ಬೆರಳು ಸಿಕ್ಕಿಸಿ ವಾದ್ಯವನ್ನು ತುಟಿಗೆ ಎಳೆದೊತ್ತುತ್ತೇವೆ. ತುಟಿಗೂ ಉಸಿರಿಗೂ ಸೇರಿದ ಕೆಲಸವನ್ನು ಕಿರುಬೆರಳಿನಿಂದ ಮಾಡಿಸುತ್ತೇವೆ. ಅದರಿಂದ ತುಟಿ ಜಜ್ಜುತ್ತದೆ, ಮುಂಗೈ ಕಲ್ಲಾಗುತ್ತದೆ, ಉಳಿದ ಬೆರಳುಗಳೂ ತಡವರಿಸುತ್ತವೆ. ನಾನು ಹೇಳಿದ ಹುಡುಗನ ಅಭ್ಯಾಸವೂ ಇದೇ ಆಗಿತ್ತು. ಕಣ್ಣಾರೆ ಕಂಡೂ ನಾನು ತಿದ್ದಲಿಲ್ಲ.

ಪರೀಕ್ಷೆ ಸುಲಭ. ಕಿರುಬೆರಳನ್ನು ಕೊಕ್ಕೆಯಿಂದ ಹೊರತೆಗೆದು ಗಾಳಿಯಲ್ಲಿ ಬಿಟ್ಟು ನಿಮಗೆ ಬರುವ ಒಂದು ಕೀರ್ತನೆಯನ್ನು ನುಡಿಸಿರಿ. ಸ್ವರ ಮೊದಲಿನಂತೆಯೇ ಬಂದರೆ ಸಂತೋಷ. ಮೇಲಿನ ಸ್ವರಗಳು ತಪ್ಪಿದರೆ ಅಷ್ಟು ದಿನವೂ ನಿಮ್ಮ ಕಿರುಬೆರಳೇ ನುಡಿಸುತ್ತಿತ್ತೆಂದು ತಿಳಿಯಿರಿ. ಆಗ ಒಂದೆರಡು ವಾರ ಕೆಳಗಿನ ಸ್ವರಗಳಲ್ಲಿಯೇ, ಕೊಕ್ಕೆಯನ್ನು ಮುಟ್ಟದೆ, ಉಸಿರನ್ನು ನೆಚ್ಚಿ ಅಭ್ಯಾಸ ಮಾಡಬೇಕು. ಮೇಳದ ಸೊಬಗು ಸ್ವಲ್ಪ ಕುಂದೀತು, ಕುಂದಲಿ.

ಬಲಗೈಯ ಬೆರಳುಗಳು ನಿಂಬೆಹಣ್ಣು ಹಿಡಿದಂತೆ ಕಮಾನಾಗಿರಲಿ; ಬೆರಳತುದಿಯ ಮೆತ್ತನೆಯ ಭಾಗ ವಾಲ್ವಿನ ಮೇಲಿರಲಿ. ಚಪ್ಪಟೆಯಾಗಿ ಚಾಚಿದ ಬೆರಳಿಗೆ ಅದೇ ವಾಲ್ವ್ ಹೆಚ್ಚು ಭಾರವಾಗುತ್ತದೆ. ವಾಲ್ವ್ ಬಿಟ್ಟ ಮೇಲೆ ಬೆರಳನ್ನು ಮೇಲಕ್ಕೆ ಹಾರಿಸುವುದು ಬೇಡ. ಮೂರನೆಯ ವಾಲ್ವನ್ನು ಒತ್ತುವ ಉಂಗುರಬೆರಳಿನ ಮೇಲೆ ದಯೆಯಿರಲಿ. ನಡುಬೆರಳನ್ನು ಒಳಕ್ಕೆ ಮಡಚಿ, ಅಂಗೈಯನ್ನು ಮೇಜಿನ ಮೇಲಿಟ್ಟು, ಉಂಗುರಬೆರಳನ್ನು ಮಾತ್ರ ಎತ್ತಲು ಯತ್ನಿಸಿರಿ, ಅದು ಏಳುವುದಿಲ್ಲ. ಅದು ಸೋಮಾರಿತನವಲ್ಲ, ಆ ಬೆರಳನ್ನು ಎತ್ತುವ ರಜ್ಜು ಪಕ್ಕದವುಗಳೊಡನೆ ಹೆಣೆದುಕೊಂಡಿದೆ. ಆದುದರಿಂದ ಮೂರನೆಯ ವಾಲ್ವ್ ತಡವಾದಾಗಲೆಲ್ಲ ಹುಡುಗರನ್ನು ಗದರಿಸುವ ನಮ್ಮ ಮೇಷ್ಟರು ನಿಧಾನಗತಿಯಲ್ಲಿ ಹೆಚ್ಚು ಸಲ ಮಾಡಿಸುವುದು ಒಳ್ಳೆಯದು. ಎಡಗೈ ವಾದ್ಯವನ್ನು ಹಿಸುಕದೆ ಹೊರಲಿ, ಮಣಿಕಟ್ಟು ನೇರವಾಗಿರಲಿ. ವಿರಾಮದ ಮಾತ್ರೆಗಳು ಬಂದಾಗ ವಾದ್ಯವನ್ನು ಬಾಯಿಯ ಮಟ್ಟದಲ್ಲಿಯೇ ಹಿಡಿದು ಕಾಯಬೇಡಿರಿ, ಇಳಿಸಿರಿ. ಪೊಲೀಸ್ ಬ್ಯಾಂಡಿನವರಂತೆ ಸಾಲಾಗಿ ಎತ್ತಿಹಿಡಿದರೆ ನೋಡಲು ಚೆಂದವೆಂದು ಸಮಿತಿಯವರೊಬ್ಬರು ಹೇಳಿದರು. ಅವರು ಪ್ರತಿದಿನವೂ ಕವಾಯತು ಮಾಡಿ ಮೈ ಪಳಗಿಸಿದವರು.

ಟ್ರೊಂಬೋನಿನವರಿಗೆ ಬಲಗೈ ಓಡಾಡುವುದರಿಂದ ಭಾರವೆಲ್ಲ ಎಡಗೈಯ ಪಾಲು. ಅದೂ ಮುಂದಕ್ಕೆ ಜಗ್ಗುವ ಭಾರ. ಎಡಗೈ ಹೆಬ್ಬೆರಳ ಬುಡ ನೋಯುವುದು ಇವರಲ್ಲಿ ಹೆಚ್ಚು. ಜಾರುಕೊಳವೆಯನ್ನು ಮುಷ್ಟಿಯಿಂದ ಹಿಡಿಯದೆ ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಹಗುರವಾಗಿ ಹಿಡಿದು, ಭುಜ ಮೊಣಕೈ ಮಣಿಕಟ್ಟು ಮೂರೂ ಕೂಡಿ ಚಲಿಸುವಂತೆ ಮಾಡಬೇಕು. ಏಳು ಸ್ಥಾನಗಳಲ್ಲಿ ಕೊನೆಯ ಎರಡು, ಗಿಡ್ಡ ತೋಳಿನ ಹುಡುಗರಿಗೆ ಎಟುಕುವುದಿಲ್ಲ. ಎಟುಕದಿದ್ದರೆ ಮಣಿಕಟ್ಟು ತಿರುಚಿ ಎಟುಕಿಸುವುದು ಬೇಡ. ಅವನಿಗೆ ಬೇರೆ ವಾದ್ಯ ಕೊಡಿರಿ. ಅಪ್ಪ ನುಡಿಸುತ್ತಿದ್ದನೆಂಬ ಕಾರಣಕ್ಕೆ ಹತ್ತು ವರ್ಷದ ಮಗನ ಕೈಗೆ ಟ್ರೊಂಬೋನ್ ಕೊಡುವುದು ನಮ್ಮೂರಿನಲ್ಲಿ ಮಾತ್ರ ಕಂಡ ವಂಶಪಾರಂಪರ್ಯ.

ಯೂಫೋನಿಯಂ 4–5 ಕಿಲೋ ತೂಗುತ್ತದೆ. ಬೇಸ್ ವಾದ್ಯಗಳು ಅದರ ಎರಡರಷ್ಟು. ಇವನ್ನು ತೋಳಿನಲ್ಲಿ ಮಗುವಿನಂತೆ ಅಪ್ಪಿ ನಡೆಯುವುದು ಮೊದಲ ಅರ್ಧ ತಾಸಿಗೆ ಸಾಧ್ಯ, ಆಮೇಲೆ ಶಿಕ್ಷೆ. ಭುಜದಿಂದ ಇಳಿಬಿಟ್ಟ ಅಗಲವಾದ ಪಟ್ಟಿಯಿಲ್ಲದೆ ಯಾರೂ ಮೆರವಣಿಗೆಗೆ ಹೊರಡಕೂಡದು. ಬಟ್ಟೆಯ ದಾರ ಸಾಲದು, ಕತ್ತಿಗೆ ಕೊರೆಯುತ್ತದೆ. ಪಟ್ಟಿಗಳಿಗೆ ಸಮಿತಿ ಹಣ ಒದಗಿಸಲಿದೆ. ಅಮೆರಿಕದ ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾ ಅವರ ಹೆಸರು ಹೊತ್ತ ಸೂಸಾಫೋನನ್ನು ಮೈಗೆ ಸುತ್ತಿ ಭುಜದ ಮೇಲೆ ಕೂರುವಂತೆ 1890ರ ದಶಕದಲ್ಲಿ ರೂಪಿಸಿದರು. ಅದರ ಭಾರ ಹೆಚ್ಚಾದರೂ ಕೈಗೆ ಬೀಳುವುದು ಕಡಮೆ. ಕುಳಿತು ಅಭ್ಯಾಸ ಮಾಡುವಾಗ ತೊಡೆಯ ಮೇಲೆ ಮಡಚಿದ ಕಂಬಳಿಯನ್ನಿಟ್ಟು ವಾದ್ಯವನ್ನು ಬಾಯಿಯ ಮಟ್ಟಕ್ಕೆ ಏರಿಸಿರಿ. ನಾವು ವಾದ್ಯಕ್ಕೆ ಬಾಗಬಾರದು, ಅದು ನಮ್ಮ ಬಳಿಗೆ ಬರಬೇಕು.

ವಾದ್ಯಗಳ ಸ್ಥಿತಿಯ ಬಗೆಗೂ ಒಂದು ಮಾತು ಹೇಳಲೇಬೇಕು. ವಾಲ್ವ್ ಒಣಗಿ ಬಿಗಿದರೆ ಬೆರಳು ಎರಡರಷ್ಟು ಬಲ ಹಾಕಬೇಕಾಗುತ್ತದೆ. ಒಂದು ಸಂಜೆಗೆ ಸಾವಿರಾರು ಸಲ ಹಾಗೆ ಒತ್ತಿದ ಮೇಲೆ ಮುಂಗೈ ನೋಯುವುದರಲ್ಲಿ ಆಶ್ಚರ್ಯವೇನು? ನಮ್ಮಲ್ಲಿ ಪರಂಪರೆಯಿಂದ ಬಂದ ಮದ್ದು ತೆಂಗಿನೆಣ್ಣೆ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಕ್ರಿಸ್ಮಸ್ ನಡುರಾತ್ರಿಯ ಪೂಜೆಯ ಹೊತ್ತಿಗೆ ನಮ್ಮ ಕಾರ್ನೆಟ್‌ಗಳು ಏಕೆ ಪ್ರತಿವರ್ಷವೂ ಮೌನವ್ರತ ಹಿಡಿಯುತ್ತವೆಂದು ನೀವು ಕೇಳುತ್ತಿದ್ದಿರಿ, ಉತ್ತರ ಬಾಟಲಿಯಲ್ಲಿದೆ. ವಾಲ್ವಿಗೆಂದೇ ತಯಾರಿಸಿದ ತೆಳುವಾದ ಎಣ್ಣೆ ದೊರೆಯುತ್ತದೆ. ವಾಲ್ವನ್ನು ಬಿಚ್ಚಿ, ನಾರು ಬಿಡದ ಬಟ್ಟೆಯಿಂದ ಒರೆಸಿ, ನಾಲ್ಕು ಹನಿ ಬಿಟ್ಟರೆ ಸಾಕು. ಮೇರಠ್ ನಗರದ ಜಾಲಿ ಕೋಠಿ ಬೀದಿಯ ಕುಶಲಕರ್ಮಿಗಳು ದೇಶದ ಬ್ಯಾಂಡುಗಳಿಗೆಲ್ಲ ವಾದ್ಯ ಮಾಡಿಕೊಡುತ್ತಾರೆ. ಅಂಥ ಗಟ್ಟಿ ವಾದ್ಯವನ್ನು ಒರೆಸದೆ ಇಟ್ಟು, ಹುಡುಗನ ಬೆರಳಿಗೆ ಬಲವಿಲ್ಲವೆಂದು ದೂರುವುದು ನ್ಯಾಯವಲ್ಲ.

ಇವೆಲ್ಲವೂ ಸರಿಯಾಗಿದ್ದರೂ ನೋವು ಬರುವ ದೊಡ್ಡ ಕಾರಣವೊಂದು ಉಳಿದಿದೆ. ಅದು ಇದ್ದಕ್ಕಿದ್ದಂತೆ ಹೆಚ್ಚಿದ ದುಡಿಮೆ. ಹತ್ತು ತಿಂಗಳು ಮುಟ್ಟದೆ ಇದ್ದು, ಹಬ್ಬದ ಹಿಂದಿನ ವಾರ ದಿನಕ್ಕೆ ಮೂರು ತಾಸು ಅಭ್ಯಾಸ, ಅದರ ಬೆನ್ನಿಗೇ ಒಂಬತ್ತು ದಿನಗಳ ನವೇನ. ಸ್ನಾಯುಗಳು ಬೇಗ ಬಲಗೊಳ್ಳುತ್ತವೆ, ಆದರೆ ಸ್ನಾಯುರಜ್ಜುಗಳು ನಿಧಾನ. ಅವುಗಳಿಗೆ ವಾರಗಳು ಬೇಕು. ಆದುದರಿಂದಲೇ ಒಂಬತ್ತು ವಾರ ಮುಂಚೆ ನಿಮ್ಮನ್ನು ಕರೆದದ್ದು. ಈ ವಾರ ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 15 ನಿಮಿಷ ಮಾತ್ರ. ಅನಂತರ ವಾರವಾರವೂ ಸ್ವಲ್ಪ ಸ್ವಲ್ಪವೇ ಏರಿಸೋಣ. ಕೂಡಿ ಅಭ್ಯಾಸ ಮಾಡುವಾಗ 25 ನಿಮಿಷ ನುಡಿಸಿ 5 ನಿಮಿಷ ವಾದ್ಯ ಕೆಳಗಿಡುವುದು. ಆರಂಭಿಸುವ ಮೊದಲು ಭುಜಗಳನ್ನು ತಿರುಗಿಸಿ, ಮುಷ್ಟಿ ಬಿಗಿದು ಬಿಚ್ಚಿ, ಚಳಿಯಿದ್ದರೆ ಬೆಚ್ಚನೆಯ ನೀರಿನಲ್ಲಿ ಕೈಯಾಡಿಸಿರಿ.

ಕೈಗೆ ವಾದ್ಯವೊಂದೇ ಕೆಲಸವಲ್ಲವೆಂಬುದನ್ನೂ ಮರೆಯಬೇಡಿರಿ. ನಮ್ಮ ಯೂಫೋನಿಯಂ ನುಡಿಸುವವರೊಬ್ಬರು ಬೆಳಗ್ಗೆ ಸಂಜೆ ಎರಡು ಹಸು ಕರೆಯುತ್ತಾರೆ; ಇನ್ನೊಬ್ಬರು ದಿನವೆಲ್ಲ ಗಾರೆ ಕೆಲಸ ಮಾಡಿ ಕರಣೆ ಇಟ್ಟು ಬರುತ್ತಾರೆ. ನಮ್ಮ ಹುಡುಗರೋ ಉಳಿದ ಹೊತ್ತೆಲ್ಲ ಮೊಬೈಲ್ ಹಿಡಿದು ಹೆಬ್ಬೆರಳಾಡಿಸುತ್ತಾರೆ. ಕೈಯು ಈ ಎಲ್ಲ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುತ್ತದೆ. ನವೇನದ ಒಂಬತ್ತು ದಿನ ಹಾಲು ಕರೆಯುವುದನ್ನು ಮನೆಯ ಇನ್ನೊಬ್ಬರು ವಹಿಸಿಕೊಂಡರೆ ಅದೂ ಹಬ್ಬದ ಸೇವೆಯೇ ಸರಿ.

ಯಾವ ನೋವು ದಣಿವು, ಯಾವುದು ಎಚ್ಚರಿಕೆ? ರಾತ್ರಿ ಮಲಗಿ ಎದ್ದೊಡನೆ ಹೋಗುವುದು ದಣಿವು. ಮರುದಿನವೂ ಉಳಿಯುವುದು, ದಿನದಿಂದ ದಿನಕ್ಕೆ ಬೇಗ ಆರಂಭವಾಗುವುದು ಎಚ್ಚರಿಕೆ. ಆಗ ಕೆಲವು ದಿನ ವಾದ್ಯ ಬಿಡಬೇಕು, ಹಿಡಿತ ತಿದ್ದಬೇಕು. ಜೋಮು, ಬೆರಳಿನಲ್ಲಿ ಬಲವಿಲ್ಲದಿರುವುದು, ಲೋಟ ಕೈಜಾರುವುದು, ಊತ ಇವು ಕಂಡರೆ ಅಂದೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾದರೆ ಮಣಿಕಟ್ಟಿನ ಸುರಂಗದ ನರ ಒತ್ತಿಹೋಗುತ್ತಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆಯಿರುವವರಲ್ಲಿ ಇದು ಹೆಚ್ಚು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಾದರೆ ಮೊಣಕೈಯ ನರ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಪಕ್ಕಕ್ಕೆ ಚುಚ್ಚಿದಂತಾಗುವ ನೋವನ್ನು 1895ರಲ್ಲಿ ವಿವರಿಸಿದ ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯ ದ ಕೆರ್ವೆಂ ಅವರ ಹೆಸರಿನಿಂದಲೇ ವೈದ್ಯರು ಕರೆಯುತ್ತಾರೆ. ನೋವೇ ಇಲ್ಲದೆ, ನುಡಿಸುವಾಗ ಮಾತ್ರ ಬೆರಳು ತಾನಾಗಿ ಮಡಚಿಕೊಳ್ಳುವ ಕಾಯಿಲೆಯೂ ಉಂಟು. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ ಅವರಿಗೆ 1960ರ ದಶಕದಲ್ಲಿ ಬಲಗೈಯಲ್ಲಿ ಹಾಗಾಗಿ, ಸುಮಾರು ಮೂವತ್ತು ವರ್ಷ ಎಡಗೈಗಾಗಿ ರಚಿಸಿದ ಕೃತಿಗಳನ್ನೇ ನುಡಿಸಬೇಕಾಯಿತು. ಯಾವುದು ಯಾವುದೆಂದು ನಿರ್ಣಯಿಸುವುದು ವೈದ್ಯರ ಕೆಲಸ, ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಮಾತ್ರೆ ನುಂಗಿ ಮೆರವಣಿಗೆಗೆ ಬರಬೇಡಿರಿ. ಮಾತ್ರೆಯು ಕಾವಲುನಾಯಿಯ ಬಾಯಿ ಕಟ್ಟುತ್ತದೆಯೇ ಹೊರತು ಕಳ್ಳನನ್ನು ಓಡಿಸುವುದಿಲ್ಲ. ಊದಿದ ಜಾಗವನ್ನು ಬಲವಾಗಿ ತಿಕ್ಕಿಸಬೇಡಿರಿ. ಹೊಸ ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ಬರಿಯ ಬಿಗುವಿಗೆ ಬಿಸಿನೀರಿನ ಶಾಖ ಹಿತ. ಬಿಟ್ಟವರು ಮತ್ತೆ ಆರಂಭಿಸುವಾಗ 5 ನಿಮಿಷದಿಂದ ಆರಂಭಿಸಲಿ.

ಕೊನೆಯದಾಗಿ ಸಮಿತಿಯ ಹಿರಿಯರಿಗೂ ಬೀದಿಯ ಮನೆಗಳವರಿಗೂ ನನ್ನ ವಿನಂತಿ. ಈ ಸಲ ಮೇಳವನ್ನು ಎರಡು ಗುಂಪು ಮಾಡಿದ್ದೇವೆ. ಒಂದು ಗುಂಪು ನುಡಿಸುವಾಗ ಇನ್ನೊಂದು ಕೈಬೀಸಿ ನಡೆಯುತ್ತದೆ. ತೇರು ನಿಲ್ಲುವ ಐದು ಮಂಟಪಗಳ ಬಳಿ ಎರಡು ಗುಂಪುಗಳೂ ಕೂರುತ್ತವೆ; ಆ ಹತ್ತು ನಿಮಿಷ ವಾದ್ಯವಿರುವುದಿಲ್ಲ, ಜಪಮಾಲೆ ಇರುತ್ತದೆ. “ಬ್ಯಾಂಡ್ ಏಕೆ ನಿಂತಿತು?” ಎಂದು ಯಾರೂ ಕೂಗಬಾರದು. ಮಂಟಪದ ಸಮೀಪದ ಮನೆಯವರು ಬೆಂಚು, ಸ್ಟೂಲು ಇದ್ದುದನ್ನು ಹೊರಗಿಡಿರಿ. ಬೇಸ್ ವಾದ್ಯಗಳ ಪಕ್ಕದಲ್ಲಿ ಯುವಕರ ಸಂಘದ ಇಬ್ಬಿಬ್ಬರು ನಡೆದು, ಬಿಡುವಾದಾಗಲೆಲ್ಲ ವಾದ್ಯವನ್ನು ಇಸಿದುಕೊಳ್ಳುವುದಾಗಿ ಒಪ್ಪಿದ್ದಾರೆ. ಯಾವ ಹುಡುಗನಾದರೂ ಬಂದು ಕೈ ನೋಯುತ್ತದೆಂದರೆ, ಧರ್ಮಾಧ್ಯಕ್ಷರೇ ಎದುರಿಗಿದ್ದರೂ ಅವನ ವಾದ್ಯವನ್ನು ನಾನೇ ಇಸಿದುಕೊಂಡು ಪೆಟ್ಟಿಗೆಯಲ್ಲಿಡುತ್ತೇನೆ.

ಈಗ ವಾದ್ಯಗಳನ್ನು ಹೊರಗೆ ತೆಗೆಯಿರಿ. ಇಂದು ನುಡಿಸುವುದಿಲ್ಲ, ವಾಲ್ವ್‌ಗಳನ್ನು ಬಿಚ್ಚಿ ಒರೆಸುತ್ತೇವೆ. ಹೊಸ ಎಣ್ಣೆ ಮೇಜಿನ ಮೇಲಿದೆ. ತೆಂಗಿನೆಣ್ಣೆಯ ಬಾಟಲಿಯನ್ನು ಯಾರಾದರೂ ತಂದಿದ್ದರೆ ದಯವಿಟ್ಟು ಅಡುಗೆಮನೆಗೆ ಕೊಡಿರಿ.